ಮನೆ ಎಷ್ಟು ಅಂತ ತಿರುವನಂತಪುರ ಹೇಳಲಿ, ಹೇಗೆ ಅಂತ ಗ್ರಾಮಸಭೆ ಹೇಳಲಿ

ಲೈಫ್ ಮನೆ, ಅಂದ್ರೆ ಮನೆ ಇಲ್ಲದವರಿಗೆ ಕೇರಳ ಸರ್ಕಾರ ಲೈಫ್ ಮಿಷನ್ ಯೋಜನೆಯಲ್ಲಿ ಕೊಡುವ ಮನೆ, ಅಂದ ಕೂಡ್ಲೆ ನಮ್ಮ ಕಾಸರಗೋಡು ಕಡೆ ಎರಡು ಥರದ ಮಾತು ಕೇಳ್ತದೆ. ಪಂಚಾಯತಿಗೆ ಬಂದ ಜನ ಹೇಳುದು, ಮೆಂಬರ್ ತನಗೆ ಬೇಕಾದವರ ಹೆಸರು ಮಾತ್ರ ಹಾಕ್ತಾರೆ ಅಂತ. ಒಳಗೆ ಕೂತವರು ಹೇಳುದು, ನಮ್ಮ ಕೈಯಲ್ಲಿ ಎಂತ ಉಂಟು ಮಾರಾಯ್ರೆ, ಎಲ್ಲ ತಿರುವನಂತಪುರದ ಆರ್ಡರ್ ಅಂತ. ಒಂದೇ ಆಫೀಸಿನ ಜಗಲಿಯಲ್ಲಿ ಒಂದೇ ದಿನ ಈ ಎರಡೂ ಮಾತು ಕೇಳ್ಲಿಕ್ಕೆ ಸಿಗ್ತದೆ, ಎರಡರಲ್ಲೂ ಸತ್ಯ ಉಂಟು. ಎಲ್ಲಿ ಪಂಚಾಯತಿನ ಕೈ ಕಟ್ಟಬೇಕೋ ಅಲ್ಲಿ ಸಡಿಲ ಬಿಟ್ಟಿದ್ದಾರೆ, ಎಲ್ಲಿ ಸಡಿಲ ಬೇಕೋ ಅಲ್ಲಿ ಕಟ್ಟಿ ಹಾಕಿದ್ದಾರೆ, ನಾನು ಇವತ್ತು ಈ ಸಭೆಯಲ್ಲಿ ಹೇಳ್ಲಿಕ್ಕೆ ಹೊರಟದ್ದು ಇಷ್ಟೇ. ಎಂಥವರಿಗೆ ಮನೆಯ ಹಕ್ಕು ಉಂಟು, ಒಂದು ಊರಲ್ಲಿ ಎಷ್ಟು ಮನೆ ಆಗಲೇಬೇಕು ಅನ್ನುದನ್ನು ರಾಜ್ಯ ಗಟ್ಟಿಯಾಗಿ ಹೇಳಲಿ, ಅದರಲ್ಲಿ ಯಾವ ಪಂಚಾಯತಿಗೂ ರಿಯಾಯಿತಿ ಬೇಡ. ಆದ್ರೆ ಆ ಮನೆ ಯಾವಾಗ ಶುರು ಮಾಡಬೇಕು, ಯಾವ ಆಕಾರ, ಯಾವ ಕಲ್ಲು, ಯಾವ ದಾಖಲೆ ಸಾಕು, ನಿಜವಾಗಿ ಮನೆ ಇಲ್ಲದವರು ಯಾರು ಅನ್ನುದನ್ನು ಆ ಜಾಗ ನೋಡಿದವರೇ ತೀರ್ಮಾನ ಮಾಡ್ಬೇಕು.

ಮೊದಲು ಕಾನೂನು ಎಂತ ಹೇಳ್ತದೆ ನೋಡುವ. 73ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 11ನೇ ಶೆಡ್ಯೂಲಲ್ಲಿ ಪಂಚಾಯತ್‌ಗೆ ಕೊಡಬಹುದಾದ 29 ವಿಷಯ ಉಂಟು, ಅದರಲ್ಲಿ ಹತ್ತನೇದು ಗ್ರಾಮೀಣ ವಸತಿ. ಕೇರಳದಲ್ಲಿ 1994ರಲ್ಲಿ ಪಂಚಾಯತ್ ರಾಜ್ ಕಾನೂನು ಬಂತು, 1996ರಲ್ಲಿ ಜನಕೀಯ ಯೋಜನೆ ಶುರುವಾಗಿ ರಾಜ್ಯದ ಪ್ಲಾನ್ ಹಣದ 35ರಿಂದ 40 ಶೇಕಡಾ ಪಂಚಾಯತ್, ಮುನ್ಸಿಪಾಲಿಟಿಗಳಿಗೆ ಕೊಡ್ತೇವೆ ಅಂತ ಸರ್ಕಾರ ಹೇಳಿತು. ಆ ಕಾಲದಲ್ಲಿ ದೇಶದ ಬೇರೆ ಯಾವ ರಾಜ್ಯವೂ ಅಷ್ಟು ಧೈರ್ಯ ಮಾಡಿರ್ಲಿಲ್ಲ, ಅದನ್ನು ನಾನು ಈಗ್ಲೂ ಹೆಮ್ಮೆಯಿಂದಲೇ ಹೇಳ್ತೇನೆ. ಆದ್ರೆ ಹಣದ ಹಿಂದೆ ಮಾರ್ಗಸೂಚಿಯೂ ಬಂತು. ವನಿತಾ ಘಟಕಕ್ಕೆ 10 ಶೇಕಡಾ, ಮಕ್ಕಳು ವೃದ್ಧರು ಅಂಗವಿಕಲರಿಗೆ 5 ಶೇಕಡಾ, ವಸತಿಗೆ ಇಂತಿಷ್ಟು, ಉತ್ಪಾದನಾ ವಲಯಕ್ಕೆ ಇಂತಿಷ್ಟು. ಒಂದೊಂದೂ ಒಳ್ಳೆ ಉದ್ದೇಶದ್ದೇ, ಯಾವುದನ್ನೂ ತೆಗೀರಿ ಅಂತ ಹೇಳ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ. ಆದ್ರೆ ಎಲ್ಲ ಕಳೆದ ಮೇಲೆ ಅಧ್ಯಕ್ಷರ ಮೇಜಿನ ಮೇಲೆ ಉಳಿಯುದು ಮಾರ್ಗಕ್ಕೆ ಡಾಮರು ಹಾಕುವ ದುಡ್ಡು ಮಾತ್ರ, ಅದೂ ಸಾಲುದಿಲ್ಲ.

ಲೈಫ್ ಮಿಷನ್ 2016–17ರಲ್ಲಿ ಶುರುವಾದದ್ದು, ಇಷ್ಟರವರೆಗೆ ರಾಜ್ಯದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮನೆ ಆಗಿದೆ. ಒಂದು ಮನೆಗೆ 4 ಲಕ್ಷ ರೂಪಾಯಿ. ಗಡಿ ಆಚೆ ನಮ್ಮ ನೆಂಟರಿಗೆ ಬಸವ ವಸತಿಯಲ್ಲಿ 1 ಲಕ್ಷದ 20 ಸಾವಿರ ಸಿಗುವಾಗ ಇದು ದೊಡ್ಡ ಮೊತ್ತವೇ, ತಲಪಾಡಿ ದಾಟಿ ಮದುವೆಗೋ ಬೊಜ್ಜಕ್ಕೋ (ಸತ್ತವರ ಉತ್ತರಕ್ರಿಯೆಗೆ) ಹೋದಾಗ ಅವರು ಕೇಳ್ತಾರೆ, ನಿಮ್ಮಲ್ಲಿ ನಾಲ್ಕು ಲಕ್ಷವಂತೆ ಹೌದಾ ಅಂತ. ಹೌದು. ಅದನ್ನು ಕಡಿಮೆ ಮಾಡಿ ಹೇಳ್ಬಾರದು. ನಾನು ಜಗಳ ಮಾಡುದು ಮೊತ್ತದ ಬಗ್ಗೆ ಅಲ್ಲ.

ಯಾರಿಗೆ ಸಿಗ್ತದೆ ನೋಡಿ. 2020ರಲ್ಲಿ ಹೊಸ ಅರ್ಜಿ ಕರೆದಾಗ ಒಂಬತ್ತು ಲಕ್ಷಕ್ಕೂ ಹೆಚ್ಚು ಅರ್ಜಿ ಬಂತು. ನಿಯಮ ಹೀಗಿತ್ತು: ವರ್ಷದ ಆದಾಯ 3 ಲಕ್ಷದೊಳಗೆ ಇರ್ಬೇಕು, ಸ್ವಂತ ರೇಷನ್ ಕಾರ್ಡ್ ಇರ್ಬೇಕು, ಪಂಚಾಯತ್ ಪ್ರದೇಶದಲ್ಲಿ ಜಾಗ 25 ಸೆಂಟ್ಸಿಗಿಂತ ಹೆಚ್ಚು ಇರ್ಬಾರದು, ಪರಿಶಿಷ್ಟರಿಗೆ ಮೀನುಗಾರರಿಗೆ ಕೆಲವು ರಿಯಾಯಿತಿ. ಕಾಗದದಲ್ಲಿ ನೋಡಿದ್ರೆ ನ್ಯಾಯವೇ. ಈಗ ನೀವು ಆಲಪ್ಪುಳದ ಒಂದು ಊರಿಗೆ ಹೋಗಿ 25 ಸೆಂಟ್ಸ್ ನೋಡಿ, ಆಮೇಲೆ ನಮ್ಮ ಪೈವಳಿಕೆಯ, ವರ್ಕಾಡಿಯ ಪದವಿಗೆ ಬಂದು 25 ಸೆಂಟ್ಸ್ ನೋಡಿ. ಪದವು ಅಂದ್ರೆ ಗೊತ್ತಲ್ಲ, ಕಣ್ಣು ಹಾಯಿಸಿದಷ್ಟು ಪಾರೆ ಬಂಡೆ, ಮಳೆಗಾಲದಲ್ಲಿ ನಾಲ್ಕು ತಿಂಗಳು ಹುಲ್ಲು, ಉಳಿದ ಎಂಟು ತಿಂಗಳು ಕಾದ ಕಾವಲಿ ಹಾಗೆ. ಅಲ್ಲಿ ಭೂಸುಧಾರಣೆಯಲ್ಲಿ ಅಜ್ಜನಿಗೆ ಸಿಕ್ಕಿದ 40 ಸೆಂಟ್ಸ್ ಇರುವ ಒಬ್ಬ ಬೀಡಿ ಕಟ್ಟುವ ಹೆಂಗಸು, ನಾನು ಕಣ್ಣಾರೆ ಕಂಡ ಕೇಸು ಇದು, ಹಂಚು ಹೋಗಿ ಟರ್ಪಾಲು ಹೊದೆಸಿದ ಮನೆಯಲ್ಲಿ ಮಗಳೊಟ್ಟಿಗೆ ಇದ್ದಾರೆ. ಆ 40 ಸೆಂಟ್ಸಲ್ಲಿ 35ರಲ್ಲಿ ಪಿಕ್ಕಾಸು ಹಾಕಿದ್ರೆ ಕಿಡಿ ಹಾರ್ತದೆ, ಒಂದು ತೆಂಗು ಏಳುದಿಲ್ಲ, ಮಾರುವ ಅಂದ್ರೆ ಕೊಳ್ಳುವವರಿಲ್ಲ ಯಾಕಂದ್ರೆ ಮಾರ್ಗ ಇಲ್ಲ ನೀರಿಲ್ಲ. ಲಿಸ್ಟಿನ ಪ್ರಕಾರ ಅವರು ಜಾಗ ಹೆಚ್ಚಿರುವವರು, ಅನರ್ಹ. ಪಟ್ಟಣದ ಹತ್ತಿರ 4 ಸೆಂಟ್ಸ್ ಇದ್ದು ಮಗ ಗಲ್ಫಿಗೆ ಹೋದವನ ಮನೆ ಅರ್ಹ ಆಗಿದ್ದೂ ಉಂಟು. ಆ ಮೆಂಬರಿಗೆ ಗೊತ್ತಿತ್ತು, ಗ್ರಾಮಸಭೆಯಲ್ಲಿ ಕೂತ ಇಡೀ ವಾರ್ಡಿಗೆ ಗೊತ್ತಿತ್ತು. ಅಪೀಲು ಹಾಕಿದ್ರು, ನಿಯಮದಲ್ಲಿ ಇಲ್ಲ ಅಂತ ತಿರುಗಿ ಬಂತು. ಗ್ರಾಮಸಭೆ ಲಿಸ್ಟನ್ನು ಓದಿ ಅಂಗೀಕಾರ ಮಾಡಬಹುದು, ಅನರ್ಹರನ್ನು ತೆಗೀಬಹುದು, ಆದ್ರೆ ಇವರಿಗೆ ನಿಜವಾಗಿ ಮನೆ ಇಲ್ಲ ಅಂತ ಎಲ್ಲರೂ ಕೈ ಎತ್ತಿ ಹೇಳಿದ್ರೂ ಒಂದು ಹೆಸರು ಸೇರಿಸ್ಲಿಕ್ಕೆ ಆಗುದಿಲ್ಲ ಅಂದ್ರೆ ಆ ಸಭೆ ಕರೆಯುದು ಯಾಕೆ?

ರೇಷನ್ ಕಾರ್ಡಿನ ಕಥೆಯೂ ಹೀಗೇ. ನಮ್ಮಲ್ಲಿ ಒಂದೇ ಮಾಡಿನ ಕೆಳಗೆ ಅಣ್ಣ ತಮ್ಮ ಇಬ್ಬರ ಸಂಸಾರ, ಒಲೆ ಎರಡು, ಕಾರ್ಡ್ ಒಂದು. ಕಾರ್ಡ್ ಒಂದಾದ್ರೆ ಕುಟುಂಬ ಒಂದು, ಮನೆ ಒಂದು. ಕಾರ್ಡ್ ಬೇರೆ ಮಾಡಿಸ್ಲಿಕ್ಕೆ ಹೋದ್ರೆ ಮನೆ ನಂಬರ್ ಬೇರೆ ಉಂಟಾ ಅಂತ ಕೇಳಿದ್ದುಂಟು, ಮನೆ ನಂಬರ್ ಬೇರೆ ಬೇಕಾದ್ರೆ ಮನೆ ಬೇರೆ ಬೇಕು. ಇದನ್ನು ಬಿಡಿಸ್ಲಿಕ್ಕೆ ಮಂತ್ರಿ ಬೇಕಾಗಿಲ್ಲ, ಆ ಮನೆ ಅಂಗಳಕ್ಕೆ ಹೋಗಿ ಎರಡು ಒಲೆ ನೋಡಿ ಬಂದ ಒಬ್ಬ ವಿಇಓ (ಗ್ರಾಮ ವಿಸ್ತರಣಾ ಅಧಿಕಾರಿ) ಸಾಕು.

ಮೇಲಿಂದ ಒಂದೇ ನಕ್ಷೆ ಕೊಟ್ರೆ ಎಂತ ಆಗ್ತದೆ ಅಂತ ಕೇರಳ ಒಮ್ಮೆ ದೊಡ್ಡ ಮಟ್ಟದಲ್ಲಿ ಕಂಡಿದೆ. 1972ರಲ್ಲಿ ಎಂ. ಎನ್. ಗೋವಿಂದನ್ ನಾಯರ್ ವಸತಿ ಮಂತ್ರಿ ಆಗಿದ್ದಾಗ ಲಕ್ಷ ಮನೆ ಯೋಜನೆ ಬಂತು, ಜಾಗ ಇಲ್ಲದ ಕೂಲಿಯವರಿಗೆ ಒಂದು ಲಕ್ಷ ಮನೆ. ಆ ಕಾಲಕ್ಕೆ ಅದು ಎಷ್ಟು ದೊಡ್ಡ ಕನಸು ಅಂತ ಈಗಿನ ಮಕ್ಕಳಿಗೆ ಹೇಳಿದ್ರೆ ಅರ್ಥ ಆಗುದು ಕಷ್ಟ, ಒಡೆಯನ ಜಾಗದಲ್ಲಿ ಒಡೆಯ ಹೇಳುವವರೆಗೆ ಮಾತ್ರ ಗುಡಿಸಲು ಅಂತ ಇದ್ದವರಿಗೆ ಸ್ವಂತ ಬಾಗಿಲು. ಹಾಗಾಗಿ ಆ ಯೋಜನೆಯನ್ನು ಹಳಿಯಲಿಕ್ಕೆ ನಾನು ತಯಾರಿಲ್ಲ. ಆದ್ರೆ ಖರ್ಚು ಉಳಿಸ್ಲಿಕ್ಕೆ ಎಷ್ಟೋ ಕಡೆ ಅವಳಿ ಮನೆ ಕಟ್ಟಿದ್ರು, ನಡುವೆ ಒಂದೇ ಗೋಡೆ, ಈಚೆ ಒಂದು ಕುಟುಂಬ, ಆಚೆ ಒಂದು ಕುಟುಂಬ. ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ಈಚೆಯವರ ಮಾಡು ಸೋರ್ತದೆ, ಮನೆ ಬೀಳಿಸಿ ಹೊಸದು ಕಟ್ಟುವ ಅಂದ್ರೆ ಗೋಡೆ ಆಚೆಯವರದ್ದೂ ಹೌದು. ಆಚೆಯವರ ಹತ್ತಿರ ದುಡ್ಡಿಲ್ಲ, ಇಲ್ಲ ಅವರಲ್ಲಿ ಮುದುಕಿ ಒಬ್ಬರೇ, ಇಲ್ಲ ಅವರು ತೀರಿಹೋಗಿ ಮಕ್ಕಳು ಎಲ್ಲೋ. ಅರ್ಧ ಮನೆ ಬೀಳಿಸ್ಲಿಕ್ಕೆ ಆಗುದಿಲ್ಲ. ಇಂಥ ಅವಳಿ ಮನೆಗಳನ್ನು ಬೇರೆ ಬೇರೆ ಮಾಡಿ ಕೊಡುದೇ ಈಗ ಸರ್ಕಾರಕ್ಕೆ ಇನ್ನೊಂದು ಕೆಲಸ ಆಗಿದೆ. ನಕ್ಷೆ ಮಾಡುವಾಗ ಅಲ್ಲಿ ಇರ್ಲಿಕ್ಕೆ ಹೋಗುವವರನ್ನು ಒಂದು ಮಾತು ಕೇಳಿದ್ದಿದ್ರೆ, ಸಣ್ಣದಾದ್ರೂ ಸಾಕು ಗೋಡೆ ಬೇರೆ ಇರ್ಲಿ ಅಂತ ಹೇಳ್ತಿದ್ರು, ನನಗೆ ಅದರಲ್ಲಿ ಸಂಶಯ ಇಲ್ಲ.

ಇನ್ನು ಬೈಲಿನ, ಅಂದ್ರೆ ತಗ್ಗಿನ ಗದ್ದೆ ಜಾಗದ ವಿಷಯ. ಇದು ನಮ್ಮ ಕಡೆ ಅತಿ ಹೆಚ್ಚು ಜನ ಒದ್ದಾಡುವ ವಿಷಯ, ಸ್ವಲ್ಪ ನಿಧಾನಕ್ಕೆ ಹೇಳ್ತೇನೆ. 2008ರಲ್ಲಿ ಗದ್ದೆ ಮತ್ತು ತೇವಭೂಮಿ ಸಂರಕ್ಷಣೆ ಕಾನೂನು ಬಂತು. ಬೇಕಿತ್ತು. ಕೊಚ್ಚಿ ಸುತ್ತಮುತ್ತ ಗದ್ದೆಗೆ ಮಣ್ಣು ತುಂಬಿಸಿ ಮುಗಿಸಿಬಿಟ್ಟಿದ್ರು, ಮಳೆ ನೀರು ನಿಲ್ಲುವ ಜಾಗ ಹೋದ್ರೆ ಬಾವಿ ಹೋಗ್ತದೆ. ಆ ಕಾನೂನಿನಲ್ಲಿ ಬೇರೆ ಜಾಗವೇ ಇಲ್ಲದ ಗದ್ದೆ ಯಜಮಾನನಿಗೆ ಸ್ವಂತ ಮನೆ ಕಟ್ಟಲು ಪಂಚಾಯತಿನಲ್ಲಿ 10 ಸೆಂಟ್ಸ್, ಮುನ್ಸಿಪಾಲಿಟಿಯಲ್ಲಿ 5 ಸೆಂಟ್ಸ್ ವರೆಗೆ ಅವಕಾಶ ಉಂಟು. ಅದನ್ನು ನೋಡಿ ಹೇಳ್ಲಿಕ್ಕೆ ಊರಲ್ಲಿ ಒಂದು ಸಮಿತಿ ಉಂಟು, ಪಂಚಾಯತ್ ಅಧ್ಯಕ್ಷರು ಅದರ ಅಧ್ಯಕ್ಷರು, ಕೃಷಿ ಆಫೀಸರ್ ಸಂಚಾಲಕರು, ವಿಲ್ಲೇಜ್ ಆಫೀಸರ್ ಮತ್ತು ಮೂರು ಜನ ಕೃಷಿಕರು ಸದಸ್ಯರು. ಎಷ್ಟು ಚಂದ ಅಲ್ವಾ? ಕಾನೂನು ರಾಜ್ಯದ್ದು, ಕಣ್ಣು ಊರಿನದ್ದು.

ಆದ್ರೆ ನಮ್ಮ ದಾಖಲೆ ನೋಡಿ. ಕಾಸರಗೋಡು 1956ರ ವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ನಮ್ಮ ಜಾಗದ ಲೆಕ್ಕ ಎಲ್ಲ ನಂಜ (ನೀರಿನ ಗದ್ದೆ), ಪುಂಜ (ಒಣ ಜಾಗ), ಬಾಗಾಯ್ತು (ತೋಟ) ಅಂತ ಆ ಕಾಲದ್ದು. ನಂಜ ಅಂತ ಬರೆದ ಬೈಲು ಗದ್ದೆಯಲ್ಲಿ ನಮ್ಮ ಹಿರಿಯರು ಅರುವತ್ತು ಎಪ್ಪತ್ತರ ದಶಕದಲ್ಲೇ ಅಡಿಕೆ ಸಸಿ ಇಟ್ಟಾಗಿದೆ, ಯಾಕಂದ್ರೆ ಭತ್ತದಲ್ಲಿ ಹೊಟ್ಟೆ ತುಂಬುದಿಲ್ಲ. ಐವತ್ತು ವರ್ಷದ ಅಡಿಕೆ ಮರ ನಿಂತಿದೆ, ಕೆಲವು ಕಡೆ ಅದೂ ಹೋಗಿ ರಬ್ಬರ್ ಬಂದಿದೆ, ಆದ್ರೆ ದಾಖಲೆಯಲ್ಲಿ ಅದು ಇನ್ನೂ ಗದ್ದೆ, ಆ ಕಾನೂನಿನ ಪ್ರಕಾರ ಮಾಡಿದ ಗದ್ದೆಗಳ ಪಟ್ಟಿ, ಅಂದ್ರೆ ಡಾಟಾ ಬ್ಯಾಂಕಿಗೂ ಗದ್ದೆ ಅಂತಲೇ ಹೋಗಿದೆ. ಈಗ ತೋಟದ ಬದಿಯಲ್ಲಿ ಒಂದು ಐದು ಸೆಂಟ್ಸ್ ಕೆಲಸದವರಿಗೆ ಬರೆದುಕೊಟ್ರು ಅಂತ ಇಟ್ಟುಕೊಳ್ಳಿ, ಅವರಿಗೆ ಲೈಫಲ್ಲಿ ಮನೆ ಪಾಸಾಯ್ತು, ಪರ್ಮಿಟ್ಟಿಗೆ ಹೋದ್ರೆ ಡಾಟಾ ಬ್ಯಾಂಕಲ್ಲಿ ಉಂಟು ಅಂತ ನಿಲ್ಲಿಸ್ತಾರೆ. ಆಮೇಲೆ ಫಾರ್ಮ್ 5 ಹಾಕಿ ಅದರಿಂದ ತೆಗೆಸ್ಬೇಕು, ಅದು ಆರ್‌ಡಿಓಗೆ (ಕಂದಾಯ ವಿಭಾಗಾಧಿಕಾರಿಗೆ) ಹೋಗ್ತದೆ, ಕೃಷಿ ಆಫೀಸರ ರಿಪೋರ್ಟ್ ಬೇಕು, ಸಂಶಯ ಇದ್ರೆ ಉಪಗ್ರಹ ಚಿತ್ರ ತರಿಸ್ಬೇಕು, ಅದು ಆದ ಮೇಲೆ ಫಾರ್ಮ್ 6ರಲ್ಲಿ ಜಾಗದ ಸ್ವಭಾವ ಬದಲಾವಣೆ. 25 ಸೆಂಟ್ಸ್ ವರೆಗೆ ಶುಲ್ಕ ಮಾಫಿ ಅಂತ 2021ರಲ್ಲಿ ಮಾಡಿದ್ದಾರೆ, ಒಳ್ಳೇದಾಯ್ತು, ಆದ್ರೆ ಸಮಯಕ್ಕೆ ಯಾರು ಮಾಫಿ ಕೊಡ್ತಾರೆ? ಅಷ್ಟರೊಳಗೆ ಈ ವರ್ಷದ ಎಗ್ರಿಮೆಂಟ್ ಹೋಯ್ತು, ಮುಂದಿನ ವರ್ಷ ನೋಡುವ ಅಂತಾರೆ.

ಇಲ್ಲಿ ನನ್ನ ಬೇಡಿಕೆ ಕಾನೂನು ಸಡಿಲ ಮಾಡಿ ಅಂತ ಅಲ್ಲ. ಸಡಿಲ ಮಾಡಿದ್ರೆ ಮೊದಲು ಬರುದು ಕೂಲಿಯವರಲ್ಲ, ಟಿಪ್ಪರ್ ಇಟ್ಟುಕೊಂಡವರು. ಲೈಫ್ ಲಿಸ್ಟಲ್ಲಿ ಹೆಸರು ಬಂದ ಕುಟುಂಬದ ಐದು ಹತ್ತು ಸೆಂಟ್ಸನ್ನು ಮಾತ್ರ ಆ ಊರಿನ ಸಮಿತಿ ಸ್ಥಳಕ್ಕೆ ಹೋಗಿ ನೋಡಿ, ಇಲ್ಲಿ ಮರದ ವಯಸ್ಸು ಇಷ್ಟು, ನೀರು ಹರಿಯುವ ತೋಡು ಇದಲ್ಲ ಅಂತ ಬರೆದು ಸಹಿ ಹಾಕಿದ್ರೆ ಅದನ್ನೇ ಕೊನೆ ಮಾತು ಅಂತ ತಗೊಳ್ಳಿ. ಸುಳ್ಳು ಬರೆದ್ರೆ ಸಹಿ ಹಾಕಿದವರ ಮೇಲೆ ಕೇಸು ಹಾಕಿ, ಅದಕ್ಕೆ ಕಾನೂನಲ್ಲಿ ಜಾಗ ಇರ್ಲಿ.

ಪಂಚಾಯತಿಗೆ ಯಾವುದರಲ್ಲಿ ಸ್ವಾತಂತ್ರ್ಯ ಕೊಡ್ಬಾರದು ಅಂತಲೂ ಹೇಳ್ತೇನೆ, ಇಲ್ಲದಿದ್ರೆ ಮಾತು ಒಂದು ಕಡೆಗೆ ವಾಲ್ತದೆ. ಕಟ್ಟಡ ನಿಯಮದಲ್ಲಿ ಬಾವಿಗೂ ಕಕ್ಕಸಿನ ಗುಂಡಿಗೂ ಏಳೂವರೆ ಮೀಟರ್ ದೂರ ಬೇಕು ಅಂತ ಉಂಟು, ಅಂದ್ರೆ ಹತ್ತಿರ ಹತ್ತಿರ 25 ಅಡಿ. ಮೂರು ಸೆಂಟ್ಸ್ ಅಂದ್ರೆ 1300 ಚದರಡಿ ಚಿಲ್ಲರೆ, ಚೌಕ ಮಾಡಿದ್ರೆ 36 ಅಡಿಗೆ 36 ಅಡಿ. ಅದರಲ್ಲಿ 400 ಚದರಡಿ ಮನೆ, ಒಂದು ಮೂಲೆಯಲ್ಲಿ ಬಾವಿ, ಇನ್ನೊಂದು ಮೂಲೆಯಲ್ಲಿ ಗುಂಡಿ, ಪಕ್ಕದವರ ಬಾವಿ ಬೇಲಿಗೆ ತಾಗಿ ಇದ್ರೆ ಗುಂಡಿಗೆ ಜಾಗವೇ ಇಲ್ಲ. ಆಗ ಎಲ್ಲರೂ ಮೆಂಬರ್ ಹತ್ತಿರ ಬರ್ತಾರೆ, ಸ್ವಲ್ಪ ಎಡ್ಜಸ್ಟ್ ಮಾಡಿ ಅಂತ. ಇದರಲ್ಲಿ ನಾನು ಪೂರ್ತಿ ಸರ್ಕಾರದ ಕಡೆ. ನಮ್ಮದು ಕೆಂಪುಕಲ್ಲಿನ ನೆಲ, ಒಳಗೆ ಜೇನುಗೂಡಿನ ಹಾಗೆ ತೂತು, ಮಳೆಗಾಲದಲ್ಲಿ ಗುಂಡಿ ನೀರು ಬಾವಿಗೆ ಇಳಿಯಲಿಕ್ಕೆ ಹೆಚ್ಚು ಹೊತ್ತು ಬೇಡ. ಎಡ್ಜಸ್ಟ್ ಮಾಡಿದ ಮನೆಯ ಮಗುವಿಗೆ ಹಳದಿ ಕಾಮಾಲೆ ಬಂದ್ರೆ ಗ್ರಾಮಸಭೆ ನಿರ್ಣಯ ಔಷಧಿ ಆಗುದಿಲ್ಲ. 125 ಚದರ ಮೀಟರಿಗಿಂತ ಸಣ್ಣ ಜಾಗಕ್ಕೆ ನಿಯಮದಲ್ಲೇ ಗಡಿ ಬಿಡುವ ಲೆಕ್ಕದಲ್ಲಿ ರಿಯಾಯಿತಿ ಉಂಟು, ಅದು ಸರಿ, ಗೋಡೆ ಬೇಲಿಗೆ ಒಂದಡಿ ಹತ್ತಿರ ಬಂದ್ರೆ ಯಾರೂ ಸಾಯುದಿಲ್ಲ. ಅಂಥ ಮೂರು ಸೆಂಟ್ಸಿನ ಮನೆಗಳು ಒಟ್ಟಿಗೆ ಇದ್ದಲ್ಲಿ ಪಂಚಾಯತ್ ಒಂದು ಸಾಮೂಹಿಕ ಗುಂಡಿ ಮಾಡ್ಲಿ, ಒಂದು ಒಳ್ಳೆ ಬಾವಿ ಮಾಡ್ಲಿ, ಅದಕ್ಕೆ ಬೇಕಾದ ಹಣ ತಿರುಗಿಸುವ ಅಧಿಕಾರ ಕೊಡಿ.

ಸಮಯದ ಬಗ್ಗೆ ಎರಡು ಮಾತು. ನಮ್ಮಲ್ಲಿ ಮನೆ ಕೆಲಸ ಅಂದ್ರೆ ದೀಪಾವಳಿ ಕಳೆದು ಪಂಚಾಂಗ, ಅಂದ್ರೆ ಅಡಿಪಾಯ, ಹಾಕಿದ್ರೆ ಮೇ ಕೊನೆಯ ಪತ್ತನಾಜೆ ಒಳಗೆ ಮಾಡು ಮುಚ್ಚಬೇಕು, ಇದು ಎಲ್ಲ ಮೇಸ್ತ್ರಿಗಳಿಗೂ ಗೊತ್ತಿರುವ ಲೆಕ್ಕ. ಸರ್ಕಾರದ ಲೆಕ್ಕ ಏಪ್ರಿಲಿಂದ ಮಾರ್ಚ್. ಏಪ್ರಿಲಲ್ಲಿ ಪ್ರೊಜೆಕ್ಟ್, ಒಪ್ಪಿಗೆ ಸಿಕ್ಕಿ ಎಗ್ರಿಮೆಂಟ್ ಆಗುವಾಗ ಜೂನ್ ಜುಲೈ, ಮೊದಲ ಕಂತು ಕೈಗೆ ಬರುವಾಗ ಹೊರಗೆ ಕರ್ಕಾಟಕ ತಿಂಗಳ ಮಳೆ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು. ಕಲ್ಲಿನ ಕೋರೆ ನೀರು ತುಂಬಿ ನಿಂತಿರ್ತದೆ, ಕಲ್ಲು ಸಿಕ್ಕಿದ್ರೂ ಲಾರಿ ಗುಡ್ಡೆ ಹತ್ತುದಿಲ್ಲ. ಬಡವರು ಎಂತ ಮಾಡ್ತಾರೆ, ಆ ಕಂತಿನ ದುಡ್ಡಲ್ಲಿ ಮಕ್ಕಳ ಶಾಲೆ ಫೀಸು, ಆಸ್ಪತ್ರೆ ಬಿಲ್ಲು ಕಟ್ತಾರೆ, ನವೆಂಬರಲ್ಲಿ ಪಂಚಾಂಗ ಹಾಕ್ಲಿಕ್ಕೆ ಕೈಯಲ್ಲಿ ಏನೂ ಇರುದಿಲ್ಲ, ಪಂಚಾಂಗ ಆಗದೆ ಮುಂದಿನ ಕಂತು ಬರುದಿಲ್ಲ. ಆಮೇಲೆ ರಿಪೋರ್ಟಲ್ಲಿ ಬರೀತಾರೆ, ಫಲಾನುಭವಿ ಹಣ ದುರುಪಯೋಗ ಮಾಡಿದ್ದಾರೆ ಅಂತ. ಕಂತು ಕೊಡುವ ತಿಂಗಳನ್ನು ಪಂಚಾಯತಿಗೆ ಬಿಟ್ರೆ ಖಜಾನೆಗೆ ಒಂದು ಪೈಸೆ ಖರ್ಚಿಲ್ಲ.

ಅರ್ಜಿಯ ಭಾಷೆ ಬಗ್ಗೆ ಹೆಚ್ಚು ಹೇಳುದಿಲ್ಲ, ನಿಮಗೆಲ್ಲ ಅನುಭವ ಉಂಟು. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕಲ್ಲಿ ಅರ್ಜಿ ನಮೂನೆ ಕನ್ನಡದಲ್ಲೂ ಇರ್ಬೇಕು ಅಂತ ಆರ್ಡರ್ ಮೇಲೆ ಆರ್ಡರ್ ಉಂಟು. ಸಹಿ ಹಾಕುವ ಎಗ್ರಿಮೆಂಟಲ್ಲಿ ಈ ಮನೆಯನ್ನು ಇಷ್ಟು ವರ್ಷ ಮಾರ್ಬಾರದು, ಹೀಗೆ ಮಾಡಿದ್ರೆ ಹಣ ವಾಪಸ್ ಅಂತೆಲ್ಲ ಇರ್ತದೆ, ಅದನ್ನು ಓದ್ಲಿಕ್ಕೆ ಬಾರದವರು ಅಕ್ಷಯ ಸೇವಾ ಕೇಂದ್ರದ ಹುಡುಗಿ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುದು ನಿಲ್ಲಬೇಕು. ಇದನ್ನು ಯಾವ ಪಂಚಾಯತೂ ತಿರುವನಂತಪುರ ಕೇಳದೆ ನಾಳೆಯಿಂದಲೇ ಮಾಡಬಹುದು, ಒಂದು ಕನ್ನಡ ಪ್ರತಿ ಮಾಡಿ ಜೊತೆಗೆ ಪಿನ್ ಹಾಕಿದ್ರೆ ಆಯ್ತು.

ಈಗ ಸ್ವಲ್ಪ ದೂರ ಹೋಗುವ, ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ. ಯಾಕೆ ಅಂದ್ರೆ ಈ ಜಗಳ ಅಲ್ಲಿ ನಮಗಿಂತ ಜೋರು, ಮತ್ತು ಪೂರ್ತಿ ಉಲ್ಟಾ. ಅಲ್ಲಿ 1969ರಿಂದ ಒಂದು ಕಾನೂನು ಉಂಟು, ಪ್ರತಿ ನಗರವೂ ತನ್ನ ಪಾಲಿನ ಮನೆಗಳಿಗೆ ಜಾಗ ತೋರಿಸಿ ಯೋಜನೆ ಮಾಡ್ಲೇಬೇಕು, ಅದರಲ್ಲಿ ಕಡಿಮೆ ಆದಾಯದವರ ಪಾಲೂ ಬೇರೆ ಲೆಕ್ಕ, ಈಗ ಎಂಟೆಂಟು ವರ್ಷಕ್ಕೊಮ್ಮೆ ರಾಜ್ಯ ಈ ಸಂಖ್ಯೆ ಹೇಳ್ತದೆ. ನಗರಗಳು ಎಷ್ಟೋ ವರ್ಷ ಕಾಗದದಲ್ಲಿ ಯೋಜನೆ ಬರೆದುಕೊಟ್ಟು ಸುಮ್ಮನಾದವು. ಸ್ಥಳೀಯ ಸ್ವಾತಂತ್ರ್ಯ ಅಂತ ಅವರು ಹೇಳುದರ ಒಳಗೆ ಎಂತ ಇತ್ತು ಅಂದ್ರೆ ನಮ್ಮ ಬಡಾವಣೆಯಲ್ಲಿ ಒಂದು ಸೈಟಿಗೆ ಒಂದೇ ಮನೆ, ಅಪಾರ್ಟ್‌ಮೆಂಟ್ ಬೇಡ, ಬಾಡಿಗೆಯವರು ಬೇಡ. 1950ರಲ್ಲೇ ಅವರ ರಾಜ್ಯ ಸಂವಿಧಾನಕ್ಕೆ ಒಂದು ವಿಧಿ ಸೇರಿಸಿದ್ರು, ಸರ್ಕಾರಿ ದುಡ್ಡಲ್ಲಿ ಬಡವರ ಬಾಡಿಗೆ ಮನೆ ಕಟ್ಟಬೇಕಾದ್ರೆ ಆ ಊರಿನವರ ಓಟು ಬೇಕು ಅಂತ. ಯೋಚನೆ ಮಾಡಿ, ಬಡವರಿಗೆ ಮನೆ ಕಟ್ಟಬೇಕಾ ಬೇಡ್ವಾ ಅಂತ ಮನೆ ಇದ್ದವರು ಓಟು ಹಾಕುದು! ಕೊನೆಗೆ ರಾಜ್ಯ ಕಟ್ಟುನಿಟ್ಟು ಮಾಡಿತು. ಯೋಜನೆ ಸರಿ ಇಲ್ಲದ ನಗರದಲ್ಲಿ, ಕಟ್ಟುವವನು ಒಂದು ಪಾಲು ಬಡವರಿಗೆ ಇಟ್ರೆ ನಗರದ ವಲಯ ನಿಯಮ ತೋರಿಸಿ ಅವನನ್ನು ತಡೀಲಿಕ್ಕೆ ಆಗುದಿಲ್ಲ. 2021ರಲ್ಲಿ ಒಂದು ಮನೆಯ ಸೈಟನ್ನು ಎರಡು ಮಾಡಿ ನಾಲ್ಕು ಮನೆ ವರೆಗೆ ಕಟ್ಟಬಹುದು ಅಂತ ಕಾನೂನು ಮಾಡಿದ್ರು. ಹಂಟಿಂಗ್ಟನ್ ಬೀಚ್ ಅಂತ ಸಮುದ್ರ ಬದಿಯ ಒಂದು ನಗರ ಒಪ್ಪಲಿಲ್ಲ, 2023ರಲ್ಲಿ ರಾಜ್ಯವೇ ಅದರ ಮೇಲೆ ಕೇಸು ಹಾಕಿತು.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ಸ್ಥಳೀಯ ಅಧಿಕಾರ ಅಂದ ಕೂಡ್ಲೆ ಅದು ಬಡವರ ಕಡೆಗೇ ಇರ್ತದೆ ಅಂತ ನಾವು ನಂಬ್ಲಿಕ್ಕೆ ಇಲ್ಲ. ನಮ್ಮಲ್ಲಿ ಓಟು ಹಾಕುವ ವಿಧಿ ಇಲ್ಲ, ಆದ್ರೆ ನಮ್ಮ ವಾರ್ಡಿಗೆ ಕಾಲನಿ ಬೇಡ ಅಂತ ಹೇಳುವವರು ಇಲ್ವಾ? ಜಾಗ ಇಲ್ಲದವರಿಗೆ ಪಂಚಾಯತ್ ಜಾಗ ಹುಡುಕುವಾಗ ಯಾವಾಗ್ಲೂ ಸಿಗುದು ಪದವಿನ ಆಚೆ ಕೊನೆ, ಸ್ಮಶಾನದ ಹತ್ತಿರ, ಕಸ ಹಾಕುವ ಗುಂಡಿ ಹತ್ತಿರ, ಯಾಕೆ? ಮಾರ್ಗದ ಬದಿಯ ಪುರಂಬೋಕು (ಸರ್ಕಾರಿ) ಜಾಗ ಆಟದ ಮೈದಾನಕ್ಕೆ ಇರ್ಲಿ ಅಂತ ನಿರ್ಣಯ ಆಗ್ತದೆ, ಮೈದಾನ ಹತ್ತು ವರ್ಷವಾದ್ರೂ ಆಗುದಿಲ್ಲ. ಗ್ರಾಮಸಭೆಗೆ 10 ಶೇಕಡಾ ಮತದಾರರ ಕೋರಂ ಬೇಕು, ಎಷ್ಟೋ ಕಡೆ ಕೂಲಿ ಬಿಟ್ಟು ಬರ್ಲಿಕ್ಕೆ ಆಗದವರ ಬದಲು ಪುಸ್ತಕದಲ್ಲಿ ಸಹಿ ಮಾತ್ರ ಇರ್ತದೆ. ಇದಕ್ಕೇ ನಾನು ಹೇಳುದು, ಸಂಖ್ಯೆ ಮತ್ತು ಹಕ್ಕು ರಾಜ್ಯದ ಕೈಯಲ್ಲಿ ಇರ್ಲಿ. ನಿಮ್ಮ ಪಂಚಾಯತಿನಲ್ಲಿ ಮನೆ ಇಲ್ಲದವರು ಇಷ್ಟು, ಇಷ್ಟು ವರ್ಷದಲ್ಲಿ ಇಷ್ಟು ಮನೆ, ಅದರಲ್ಲಿ ಮಾರ್ಗದಿಂದ, ಶಾಲೆಯಿಂದ ಇಂತಿಷ್ಟು ದೂರದೊಳಗೆ ಇಷ್ಟು ಅಂತ ಬರೆದುಕೊಡ್ಲಿ. ತಪ್ಪಿದ್ರೆ ಜಿಲ್ಲಾಧಿಕಾರಿ ಕೇಳ್ಲಿ.

ಇನ್ನೊಂದು ಕಡೆಯಿಂದ ನೋಡಿ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಹಳ್ಳಿ ಮನೆಗೆ ಬಯಲು ಪ್ರದೇಶದಲ್ಲಿ 1 ಲಕ್ಷದ 20 ಸಾವಿರ, ಅದನ್ನು ಕೇಂದ್ರ ರಾಜ್ಯ 60:40 ಹಂಚಿಕೊಳ್ತವೆ, ಉಳಿದ ದುಡ್ಡು ಹಾಕಿ ಲೈಫಿನ 4 ಲಕ್ಷ ಮಾಡುದು ಇಲ್ಲಿಯವರು. ಆ ಯೋಜನೆಯ ಹಳೇ ನಿಯಮದಲ್ಲಿ ಮನೆಯಲ್ಲಿ ಫ್ರಿಡ್ಜ್ ಇದ್ರೆ, ಬೈಕ್ ಇದ್ರೆ, ಲ್ಯಾಂಡ್‌ಲೈನ್ ಫೋನ್ ಇದ್ರೆ ಅನರ್ಹ ಅಂತ ಇತ್ತು. ದುಬೈಯಿಂದ ಬಂದ ಭಾವ ಕೊಟ್ಟುಹೋದ ಹಳೇ ಫ್ರಿಡ್ಜ್ ಟರ್ಪಾಲಿನ ಮನೆಯಲ್ಲೂ ಇರುವ ಊರು ನಮ್ಮದು, ದೆಹಲಿಯಲ್ಲಿ ಕೂತವರಿಗೆ ಅದು ಹೇಗೆ ಗೊತ್ತಾಗ್ಬೇಕು. 2024ರಲ್ಲಿ ಅಂತೂ ಆ ಮೂರನ್ನು ತೆಗೆದ್ರು. ಆಮೇಲೆ ಮನೆ ಮೇಲೆ ಯೋಜನೆಯ ಲಾಂಛನ ಹಾಕ್ಬೇಕು ಅಂತ ಕೇಂದ್ರ ಹಟ ಹಿಡಿದಾಗ ಕೇರಳ ಸರ್ಕಾರ ಒಪ್ಪಲಿಲ್ಲ, ಮನೆ ಅನ್ನುದು ದಾನ ಅಲ್ಲ, ಅಲ್ಲಿ ಇರುವವರ ಗೌರವದ ಪ್ರಶ್ನೆ ಅಂತ ಹೇಳಿತು. ಎಷ್ಟು ಸರಿಯಾದ ಮಾತು! ಹಾಗಾದ್ರೆ ತಿರುವನಂತಪುರ ದೆಹಲಿಗೆ ಹೇಳುವ ಈ ಮಾತನ್ನು ನಮ್ಮ ಎಣ್ಮಕಜೆ, ಬೆಳ್ಳೂರು ಪಂಚಾಯತ್ ತಿರುವನಂತಪುರಕ್ಕೆ ಹೇಳಿದ್ರೆ ಅದನ್ನೂ ಅಷ್ಟೇ ಗೌರವದಿಂದ ಕೇಳ್ಬೇಕಲ್ಲ.

ದುಡ್ಡಿನ ವಿಷಯದಲ್ಲಿ ಒಂದು ಮಾತು ಮಾತ್ರ. ಲೈಫಿನ 4 ಲಕ್ಷದಲ್ಲಿ ದೊಡ್ಡ ಪಾಲು ಹಡ್ಕೋ ಅನ್ನುವ ಕೇಂದ್ರ ಸರ್ಕಾರದ ವಸತಿ ಸಾಲ ಸಂಸ್ಥೆಯಿಂದ ತಂದ ಸಾಲ. ಬಡ್ಡಿ ರಾಜ್ಯ ಕಟ್ತದೆ, ಅಸಲು ಮುಂದಿನ ವರ್ಷಗಳಲ್ಲಿ ಪಂಚಾಯತಿಗೆ ಬರ್ಬೇಕಾದ ಯೋಜನಾ ಹಣದಲ್ಲಿ ಹಿಡಿದುಕೊಳ್ತಾರೆ. ಅಂದ್ರೆ ಮನೆ ಇಲ್ಲದವರು ಹೆಚ್ಚು ಇರುವ ಬಡ ಪಂಚಾಯತ್, ಪ್ರಾಮಾಣಿಕವಾಗಿ ಹೆಚ್ಚು ಮನೆ ಕಟ್ಟಿದಷ್ಟೂ ನಾಳೆಯ ಅದರ ಕೈ ಖಾಲಿ. ಸ್ವಂತ ವರಮಾನ ಇರುವ ಪಟ್ಟಣದ ಪಂಚಾಯತಿಗೆ ಇದು ತಾಗುದಿಲ್ಲ, ಕುಂಬ್ಡಾಜೆಯಂಥ ಒಳನಾಡಿಗೆ ತಾಗ್ತದೆ. ಕಡ್ಡಾಯ ಮಾಡುವವರು ಖರ್ಚನ್ನೂ ಹೊರಬೇಕು, ಕನಿಷ್ಠ ಇಂಥ ಪಂಚಾಯತಿನ ಅಸಲನ್ನು ರಾಜ್ಯ ತನ್ನ ಮೇಲೆ ಹಾಕಿಕೊಳ್ಳಬೇಕು.

ಸಭೆಯಿಂದ ಒಬ್ಬರು ಕೊರಗರ ಮನೆ ಬಗ್ಗೆ ಕೇಳಿದ್ದಾರೆ, ಒಳ್ಳೆ ಪ್ರಶ್ನೆ. ಕೇರಳದ ಐದು ಅತಿ ದುರ್ಬಲ ಬುಡಕಟ್ಟುಗಳಲ್ಲಿ ಕೊರಗರೂ ಒಂದು, ಇರುದು ನಮ್ಮ ಈ ಎರಡು ತಾಲೂಕಿನಲ್ಲೇ ಹೆಚ್ಚು. ಪಿಎಂ ಜನಮನ್ ಅಂತ 2023ರ ನವೆಂಬರಲ್ಲಿ ಕೇಂದ್ರದ ಯೋಜನೆಯೂ ಬಂದಿದೆ, ಅದರಲ್ಲಿ ಮನೆಯೂ ಉಂಟು. ಅವರ ಕೆಲಸ ಕಾಡುಬೀಳಿನ (ಕಾಡಿನ ಬಳ್ಳಿಯ) ಬುಟ್ಟಿ ಹೆಣೆಯುದು, ಅದಕ್ಕೆ ಬೀಳು ನೆನೆಸ್ಲಿಕ್ಕೆ ನೀರು ಬೇಕು, ಕಾಲು ಚಾಚಿ ಕೂತು ಹೆಣೆಯಲಿಕ್ಕೆ ನೆರಳಿರುವ ಅಗಲದ ಚಾವಡಿ ಬೇಕು, ಮಳೆಗಾಲದಲ್ಲಿ ಬುಟ್ಟಿ ಪೇರಿಸಿ ಇಡ್ಲಿಕ್ಕೆ ಹೊಗೆ ತಾಗುವ ಒಂದು ಅಟ್ಟ ಬೇಕು. ನಮ್ಮ 400 ಚದರಡಿ ನಕ್ಷೆಯಲ್ಲಿ ಉಂಟು ಎರಡು ಕೋಣೆ, ಒಂದು ಹಾಲ್, ಒಂದು ಅಡಿಗೆ ಕೋಣೆ, ಮುಂದೆ ಮೂರಡಿ ಸಿಟೌಟ್. ಮೂರಡಿಯಲ್ಲಿ ಬುಟ್ಟಿ ಹೆಣೆಯಲಿಕ್ಕೆ ಆಗುದಿಲ್ಲ. ಆ ಸಿಮೆಂಟಿನ ಮನೆ ಮುಂದೆ ಮತ್ತೆ ಸೋಗೆ ಹಾಕಿ ಚಪ್ಪರ ಕಟ್ಟಿ ಅದರಡಿಯಲ್ಲಿ ಕೂತಿರುದನ್ನು ಕಂಡ ಆಫೀಸರು ಹೇಳ್ತಾರೆ, ಮನೆ ಕೊಟ್ರೂ ಇವರು ಹೊರಗೇ ಇರ್ತಾರೆ ನೋಡಿ ಅಂತ. ಅಲ್ಲ ಸ್ವಾಮಿ, ಅವರು ಕೆಲಸ ಮಾಡ್ತಿದ್ದಾರೆ. ಒಂದು ಕೋಣೆ ಕಡಿಮೆ ಮಾಡಿ ಚಾವಡಿ ದೊಡ್ಡದು ಮಾಡಿ ಅಂತ ಅವರೇ ಹೇಳಿದ್ರೆ, ಅದೇ ದುಡ್ಡಲ್ಲಿ ಅದೇ ಚದರಡಿಯಲ್ಲಿ ಮಾಡಬಹುದು. ನಕ್ಷೆ ಬದಲಾಯಿಸ್ಲಿಕ್ಕೆ ಓವರ್‌ಸಿಯರಿಗೆ ಅಧಿಕಾರ ಬೇಕು, ಓವರ್‌ಸಿಯರ್ ಅವರ ಅಂಗಳದಲ್ಲಿ ಅರ್ಧ ಗಂಟೆ ಕೂರ್ಬೇಕು.

ಇಲ್ಲಿ ಬಂದವರಲ್ಲಿ ಮೆಂಬರುಗಳಿದ್ದೀರಿ, ಕುಟುಂಬಶ್ರೀ ಮಹಿಳಾ ಸಂಘದವರಿದ್ದೀರಿ. ಮುಂದಿನ ಗ್ರಾಮಸಭೆಗೆ ಮೂರು ನಿರ್ಣಯ ಬರೆದುಕೊಂಡು ಹೋಗಿ. ನಮ್ಮ ಪಂಚಾಯತಿನಲ್ಲಿ ಕಂತು ಅಕ್ಟೋಬರ್ ಕೊನೆಯಿಂದ ಕೊಡ್ಲಿ ಅಂತ ಒಂದು. ಪಾರೆ ಜಾಗವನ್ನು ವಿಲ್ಲೇಜ್ ಆಫೀಸರ ರಿಪೋರ್ಟಿನ ಮೇಲೆ 25 ಸೆಂಟ್ಸಿನ ಲೆಕ್ಕದಿಂದ ಬಿಡ್ಲಿ ಅಂತ ಒಂದು, ಅದರ ಜೊತೆಗೆ ಅಂಥ ಜಾಗದಲ್ಲಿರುವ ಪ್ರತಿ ಮನೆಯ ಸರ್ವೆ ನಂಬರ್ ಸೇರಿಸಿ ಬರೀರಿ, ಬರೇ ತಕರಾರು ಆಗಿ ಹೋದ್ರೆ ಫೈಲಲ್ಲಿ ಮಲಗ್ತದೆ. ಮೂರನೇದು, ಲಿಸ್ಟಿನ ಹೊರಗೆ ಉಳಿದು ನಿಜವಾಗಿ ಮನೆ ಇಲ್ಲದವರ ಹೆಸರನ್ನು ವಾರ್ಡ್ ಪ್ರಕಾರ ಓದಿ ಹೇಳಿ, ಆಕ್ಷೇಪ ಇದ್ದವರು ಅಲ್ಲೇ ಎದ್ದು ಹೇಳಲಿ, ಉಳಿದದ್ದನ್ನು ನಡಾವಳಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯಿಸಿ ನಕಲು ಕೇಳಿ ತೆಗೆದುಕೊಳ್ಳಿ. ಸಭೆ ಇಡುವುದಾದ್ರೆ ಆದಿತ್ಯವಾರ ಮಧ್ಯಾಹ್ನದ ನಂತರ ಇಡಿ, ಬೀಡಿ ಬ್ರಾಂಚಿಗೂ ತೋಟಕ್ಕೂ ಹೋಗುವವರು ಬರುವ ಹಾಗೆ.